ನಗರದ ಉದ್ಯಾನ: ನಿಸರ್ಗದ ಕೊಡುಗೆಯೋ, ಮನುಷ್ಯನ ಸಂಕಲ್ಪವೋ?

ಪರೀಕ್ಷೆಯ ಪ್ರಬಂಧಗಳಲ್ಲಿ ಉದ್ಯಾನವನ್ನು ಕುರಿತು ಬರೆಯುವ ವಿದ್ಯಾರ್ಥಿಗಳು ಬಹುಮಟ್ಟಿಗೆ ಒಂದೇ ವಾಕ್ಯದಿಂದ ಆರಂಭಿಸುವುದು ವಾಡಿಕೆಯಾಗಿದೆ: ಉದ್ಯಾನವೆಂಬುದು ನಗರಕ್ಕೆ ನಿಸರ್ಗದೇವಿಯು ದಯಪಾಲಿಸಿದ ಕೊಡುಗೆ. ವಾಕ್ಯವೇನೋ ಕಿವಿಗೆ ಇಂಪಾಗಿದೆ. ಅದಕ್ಕೆ ಅಂಕಗಳೂ ದೊರೆಯುತ್ತವೆ. ವಿದ್ಯಾರ್ಥಿಗಳನ್ನು ಮಾತ್ರ ದೂರಿ ಫಲವಿಲ್ಲ; ದೊಡ್ಡವರೂ, ಪತ್ರಿಕೆಗಳೂ, ಸಭೆಗಳಲ್ಲಿ ಭಾಷಣ ಮಾಡುವವರೂ ಹೀಗೆಯೇ ಹೇಳುತ್ತಾರೆ. ಆದರೆ ಈ ಮಾತು ನಿಜವಲ್ಲ. ಬರಿಯ ಅಲಂಕಾರದ ಅತಿರೇಕವಾಗಿದ್ದರೆ ಅದನ್ನು ಕಂಡೂ ಕಾಣದಂತೆ ಬಿಟ್ಟುಬಿಡಬಹುದಾಗಿತ್ತು. ಇದರಿಂದ ಒದಗುವ ಹಾನಿ ಅದಕ್ಕಿಂತ ದೊಡ್ಡದು. ಉದ್ಯಾನವು ನಿಸರ್ಗವೇ ಕೊಟ್ಟ ವಸ್ತುವಾದರೆ ಅದನ್ನು ಯಾರೂ ನಿರ್ಮಿಸಬೇಕಾಗಿರಲಿಲ್ಲ. ಅದಕ್ಕಾಗಿ ಯಾರೂ ಏನನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ. ಮುಂದೆ ಅದನ್ನು ಯಾರೂ ಕಾಯಬೇಕಾದುದೂ ಇಲ್ಲ. ಈ ಮೂರೂ ತಪ್ಪು. ನಗರದ ಉದ್ಯಾನವು ಮನುಷ್ಯನ ಸಂಕಲ್ಪದ ಫಲ. ಸೇತುವೆಯಂತೆ, ನ್ಯಾಯಾಲಯದಂತೆ, ನಾವು ಕುಳಿತು ಕಲಿಯುವ ಈ ಶಾಲೆಯಂತೆ, ಅದೂ ಕೆಲವರು ಯೋಚಿಸಿ, ವಾದಿಸಿ, ಹಣ ಕೂಡಿಸಿ ಕಟ್ಟಿದ ವಸ್ತು. ಆದಕಾರಣ ಅದಕ್ಕೆ ಹೊಗಳಿಕೆಯೂ ಸಲ್ಲಬೇಕು. ಅದರ ಲೆಕ್ಕವನ್ನೂ ಕೇಳಬೇಕು.

ಇದಕ್ಕೆ ನಾನು ಆಯ್ದುಕೊಂಡಿರುವ ಉದಾಹರಣೆ ದೂರದ್ದು: ಅಮೆರಿಕದ ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕ್. ಹತ್ತಿರದ ಬಯಲುಗಳನ್ನು ಬಿಟ್ಟು ಅಷ್ಟು ದೂರ ಹೋಗುವುದೇಕೆಂದು ವಾಚಕರು ಕೇಳಬಹುದು. ನಮ್ಮ ಮುಂಬಯಿಯ ಓವಲ್, ಆಜಾದ್ ಮೊದಲಾದ ಮೈದಾನಗಳು ಹಿಂದೆ ಕೋಟೆಯ ಫಿರಂಗಿಗಳ ಗುಂಡಿಗೆ ಅಡ್ಡಿಯಾಗದಿರಲೆಂದು ತೆರವಾಗಿ ಇರಿಸಿದ ಬಯಲಿನ ಉಳಿದ ತುಂಡುಗಳು. ಮಕ್ಕಳು ಆಡಲಿ ಎಂದು ಅವನ್ನು ಯಾರೂ ಮೊದಲಿಗೆ ಬಿಟ್ಟುದಲ್ಲ. ಯುದ್ಧದ ಲೆಕ್ಕಾಚಾರವು ಕಾಲಾಂತರದಲ್ಲಿ ಆಟದ ಬಯಲಾಯಿತು. ನ್ಯೂಯಾರ್ಕಿನ ಉದ್ಯಾನವಾದರೋ ಉದ್ಯಾನವಾಗಬೇಕೆಂದೇ ಹುಟ್ಟಿದುದು. ಅದರ ಹಿಂದಿನ ಸಂಕಲ್ಪದ ಒಂದೊಂದು ಹೆಜ್ಜೆಯೂ ಕಾಗದದ ಮೇಲೆ ಉಳಿದಿದೆ. ಸುಮಾರು ಎರಡೂವರೆ ಮೈಲಿ ಉದ್ದ, ಅರ್ಧ ಮೈಲಿ ಅಗಲ, ೮೪೩ ಎಕರೆ ವಿಸ್ತಾರ. ಅಲ್ಲಿನ ಸರೋವರ, ಗುಡ್ಡ, ಕಾಡುದಾರಿಗಳನ್ನು ನೋಡಿದ ಪ್ರವಾಸಿಗರಲ್ಲಿ ಅನೇಕರು, ಸುತ್ತಲೂ ನಗರ ಬೆಳೆಯುವಾಗ ಮೂಲ ಅರಣ್ಯದ ಒಂದು ತುಣುಕನ್ನು ಹಾಗೆಯೇ ಉಳಿಸಿಕೊಂಡಿದ್ದಾರೆಂದು ನಂಬಿ ಹಿಂದಿರುಗುತ್ತಾರೆ. ಉಳಿಸಿಕೊಂಡುದು ಅಲ್ಲಲ್ಲಿ ತಲೆಯೆತ್ತಿರುವ ಬಂಡೆಗಳನ್ನು. ಮಿಕ್ಕುದೆಲ್ಲ ಹೆಚ್ಚುಕಡಿಮೆ ಮಾಡಿದುದು.

ಆ ಸಂಕಲ್ಪಕ್ಕೆ ಮೊದಲು ನ್ಯೂಯಾರ್ಕ್ ಹೇಗಿತ್ತೆಂಬುದನ್ನು ಸ್ವಲ್ಪದಲ್ಲಿ ಹೇಳಬೇಕು. ೧೮೧೧ರಲ್ಲಿ ಸರಕಾರದ ಕಮಿಷನರರು ಮ್ಯಾನ್‌ಹಟನ್ ದ್ವೀಪಕ್ಕೆ ಬೀದಿಗಳ ನಕ್ಷೆಯೊಂದನ್ನು ಹಾಕಿಕೊಟ್ಟರು. ಉದ್ದಕ್ಕೆ ೧೨ ಬೀದಿಗಳು, ಅಡ್ಡಕ್ಕೆ ೧೫೫ ಬೀದಿಗಳು. ದ್ವೀಪವೆಲ್ಲ ಚದುರಂಗದ ಹಾಸಾಯಿತು. ಬೆಟ್ಟ ಬಂದರೆ ಕಡಿ, ಹಳ್ಳ ಬಂದರೆ ತುಂಬು. ಗೆರೆ ಮಾತ್ರ ನೇರವಾಗಿರಲಿ ಎಂಬುದು ಅದರ ಧರ್ಮ. ಆ ನಕ್ಷೆಯಲ್ಲಿ ತೆರವಾದ ನೆಲ ಬಹಳ ಕಡಿಮೆ. ದ್ವೀಪವನ್ನು ಸಮುದ್ರದ ವಿಶಾಲ ಬಾಹುಗಳು ಬಳಸಿರುವುದರಿಂದ ಗಾಳಿಗಾಗಿ ಬೇರೆ ಬಯಲುಗಳ ಅವಶ್ಯಕತೆ ಅಷ್ಟಾಗಿ ಇಲ್ಲವೆಂದು ಕಮಿಷನರರು ಕಾರಣ ಕೊಟ್ಟಿದ್ದರು. ಗಾಳಿಯೊಂದು ಬಂದರೆ ಸಾಕು, ಮನುಷ್ಯನಿಗೆ ಕಾಲಾಡಿಸಲು ನೆಲ ಬೇಡವೆಂಬ ತರ್ಕವಿದು! ಆ ದಡಗಳೂ ಬೇಗನೆ ಹಡಗುಕಟ್ಟೆಗಳಿಂದಲೂ ಉಗ್ರಾಣಗಳಿಂದಲೂ ತುಂಬಿಹೋದುವು. ೧೮೫೦ರ ವೇಳೆಗೆ ನಗರದ ಜನಸಂಖ್ಯೆ ಐದು ಲಕ್ಷವನ್ನು ದಾಟಿತು. ಹಸುರು ಕಾಣಬೇಕೆಂಬ ಜನರು ರಜೆಯ ದಿನ ಬ್ರೂಕ್ಲಿನ್‌ನಲ್ಲಿ ೧೮೩೮ರಲ್ಲಿ ಸ್ಥಾಪಿತವಾದ ಗ್ರೀನ್‌ವುಡ್ ಸ್ಮಶಾನಕ್ಕೆ ಹೋಗಿ ಅಲ್ಲಿನ ಮರಗಳ ನಡುವೆ ವಿಹರಿಸುತ್ತಿದ್ದರು. ಬದುಕಿರುವವರು ಸತ್ತವರ ನೆರಳನ್ನು ಎರವಲು ಪಡೆಯಬೇಕಾದ ನಗರಕ್ಕೆ ಬುದ್ಧಿ ಬರಲು ಇನ್ನೇನು ಬೇಕು?

ಬುದ್ಧಿ ಹೇಳಿದವರು ಮುಖ್ಯವಾಗಿ ಇಬ್ಬರು. ಕವಿಯೂ ಪತ್ರಿಕಾ ಸಂಪಾದಕನೂ ಆಗಿದ್ದ ವಿಲಿಯಂ ಕಲನ್ ಬ್ರಯಂಟನು ೧೮೪೪ರಲ್ಲಿಯೇ ತನ್ನ ಪತ್ರಿಕೆಯಲ್ಲಿ ನಗರಕ್ಕೊಂದು ದೊಡ್ಡ ಉದ್ಯಾನ ಬೇಕೆಂದು ಬರೆದನು. ತೋಟಗಾರಿಕೆಯ ಪತ್ರಿಕೆಯನ್ನು ನಡೆಸುತ್ತಿದ್ದ ಆಂಡ್ರೂ ಜಾಕ್ಸನ್ ಡೌನಿಂಗನು ಅದನ್ನು ಮುಂದುವರಿಸಿದನು. ಇವರೊಡನೆ ದನಿಗೂಡಿಸಿದವರ ಉದ್ದೇಶಗಳೆಲ್ಲ ಶುದ್ಧವಾಗಿದ್ದುವೆಂದು ಹೇಳಲಾಗದು. ಲಂಡನ್, ಪ್ಯಾರಿಸ್ ನಗರಗಳಿಗೆ ಸಮನೆನಿಸಬೇಕೆಂಬ ಪ್ರತಿಷ್ಠೆ ಕೆಲವರಿಗೆ. ಪಕ್ಕದ ನಿವೇಶನಗಳ ಬೆಲೆ ಏರಲೆಂಬ ಆಸೆ ಇನ್ನು ಕೆಲವರಿಗೆ. ಬಡವರಿಗೆ ಒಳ್ಳೆಯ ಗಾಳಿ ಸಿಗಲೆಂಬ ಕಳಕಳಿ ಮತ್ತೆ ಕೆಲವರಿಗೆ. ಸಾರ್ವಜನಿಕ ಕಾರ್ಯಗಳು ಬಹುಶಃ ಎಲ್ಲೆಡೆಯಲ್ಲಿಯೂ ಹೀಗೆಯೇ ಆರಂಭವಾಗುತ್ತವೆ: ಪರೋಪಕಾರ ಸ್ವಾರ್ಥಗಳೆರಡೂ ಒಂದೇ ಗಾಡಿಗೆ ಹೂಡಿದ ಎತ್ತುಗಳು.

೧೮೫೩ರಲ್ಲಿ ರಾಜ್ಯದ ಶಾಸನಸಭೆಯು ದ್ವೀಪದ ನಡುಭಾಗದ ನೆಲವನ್ನು ಉದ್ಯಾನಕ್ಕಾಗಿ ವಶಪಡಿಸಿಕೊಳ್ಳಲು ಒಪ್ಪಿಗೆಯಿತ್ತಿತು. ಆ ನೆಲವು ಬಂಡೆ, ಜೌಗುಗಳಿಂದ ಕೂಡಿದ್ದು ಮನೆ ಕಟ್ಟುವವರಿಗೆ ಅಷ್ಟು ಪ್ರಿಯವಾಗಿರಲಿಲ್ಲ. ನಗರಕ್ಕೆ ಕುಡಿಯುವ ನೀರನ್ನೊದಗಿಸುವ ಜಲಾಶಯವೂ ೧೮೪೨ರಿಂದ ಅಲ್ಲಿಯೇ ಇತ್ತು. ನೆಲಕ್ಕೆ ಮಾತ್ರವೇ ೫೦ ಲಕ್ಷ ಡಾಲರುಗಳಿಗೂ ಹೆಚ್ಚು ವೆಚ್ಚವಾಯಿತು. ಅದರ ಮೂರರಲ್ಲೊಂದು ಭಾಗದಷ್ಟನ್ನು, ಉದ್ಯಾನದಿಂದ ಯಾರ ಸೊತ್ತಿನ ಬೆಲೆ ಏರುವುದೋ ಆ ನೆರೆಯ ಭೂಮಾಲಿಕರಿಂದಲೇ ವಸೂಲು ಮಾಡಿದರೆಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಲಾಭವುಂಡವನು ವೆಚ್ಚವನ್ನೂ ಹೊರಲಿ ಎಂಬ ಈ ನ್ಯಾಯವನ್ನು ಇಂದಿನ ಮಹಾನಗರಗಳು ನೆನೆಸಿಕೊಂಡರೆ ಕೇಡಿಲ್ಲ. ಆದರೂ ಸಂಕಲ್ಪವು ಗಟ್ಟಿಯಾಗಿರಲಿಲ್ಲ. ೧೮೫೫ರಲ್ಲಿ ನಗರಸಭೆಯು ಉದ್ಯಾನದ ದಕ್ಷಿಣ ಭಾಗವನ್ನು ಕತ್ತರಿಸಿ ಚಿಕ್ಕದು ಮಾಡಲು ನಿರ್ಣಯಿಸಿತು. ಮೇಯರ್ ಫರ್ನಾಂಡೊ ವುಡ್ಡನು ಆ ನಿರ್ಣಯವನ್ನು ತಳ್ಳಿಹಾಕಿದುದರಿಂದ ನೆಲ ಉಳಿಯಿತು. ಆ ಮೇಯರನು ಬೇರೆ ವಿಷಯಗಳಲ್ಲಿ ಸತ್ಕೀರ್ತಿ ಪಡೆದವನಲ್ಲ. ಆದರೆ ಅಂದು ಅವನ ಲೇಖನಿ ಬೇರೊಂದು ಮಾತನ್ನು ಬರೆದಿದ್ದರೆ ಇಂದು ಅಲ್ಲಿ ಮನೆಗಳ ಸಾಲುಗಳಿರುತ್ತಿದ್ದುವು.

ಇನ್ನು ನಕ್ಷೆಯ ಮಾತು. ೧೮೫೭ರಲ್ಲಿ ಉದ್ಯಾನದ ಮಂಡಲಿಯು ಸ್ಪರ್ಧೆಯೊಂದನ್ನು ಸಾರಿತು. ಉದ್ಯಾನದ ಕೆಲಸಗಾರರ ಮೇಲ್ವಿಚಾರಕನಾಗಿ ಆ ವರ್ಷವೇ ನೇಮಕಗೊಂಡಿದ್ದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ಡನೂ, ಡೌನಿಂಗನು ಇಂಗ್ಲೆಂಡಿನಿಂದ ಕರೆತಂದಿದ್ದ ವಾಸ್ತುಶಿಲ್ಪಿ ಕ್ಯಾಲ್ವರ್ಟ್ ವಾಕ್ಸನೂ ಜೊತೆಗೂಡಿ ಒಂದು ಯೋಜನೆಯನ್ನು ಸಲ್ಲಿಸಿದರು. ಡೌನಿಂಗನು ೧೮೫೨ರಲ್ಲಿ ಹಡ್ಸನ್ ನದಿಯಲ್ಲಿ ಉಗಿಹಡಗಿಗೆ ಬೆಂಕಿ ಬಿದ್ದಾಗ ಮಡಿದಿದ್ದನು. ಅವನು ಬದುಕಿದ್ದರೆ ಬಹುಶಃ ಈ ಕಾರ್ಯವು ಅವನ ಪಾಲಿಗೇ ಬರುತ್ತಿತ್ತು. ಓಲ್ಮ್‌ಸ್ಟೆಡ್ಡನು ಅದುವರೆಗೆ ಒಕ್ಕಲುತನ ಮಾಡಿದ್ದನು, ಪತ್ರಿಕೆಗಳಿಗೆ ಬರೆದಿದ್ದನು, ದೇಶ ಸುತ್ತಿದ್ದನು. ಉದ್ಯಾನವೊಂದನ್ನು ರಚಿಸಿದ ಅನುಭವ ಮಾತ್ರ ಇರಲಿಲ್ಲ. ೧೮೫೦ರಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ, ಬರ್ಕನ್‌ಹೆಡ್ ಎಂಬ ಊರಿನ ರೊಟ್ಟಿಯಂಗಡಿಯವನೊಬ್ಬನು, ನಮ್ಮೂರಿನ ಹೊಸ ಉದ್ಯಾನವನ್ನು ನೋಡದೆ ಹೋಗಬೇಡಿರೆಂದು ಅವನನ್ನು ಒತ್ತಾಯಪಡಿಸಿದ್ದನಂತೆ. ಜೋಸೆಫ್ ಪ್ಯಾಕ್ಸ್‌ಟನ್ನನು ರಚಿಸಿ ೧೮೪೭ರಲ್ಲಿ ತೆರೆದ ಆ ಉದ್ಯಾನವು ಅರಸನದೂ ಅಲ್ಲ, ಜಮೀನುದಾರನದೂ ಅಲ್ಲ, ಊರ ಜನರದು. ರೊಟ್ಟಿ ಮಾರುವವನು ಉದ್ಯಾನವನ್ನು ನಮ್ಮದೆಂದು ಹೇಳಿಕೊಳ್ಳುವ ಆ ಅಭಿಮಾನವೇ ಓಲ್ಮ್‌ಸ್ಟೆಡ್ಡನ ಮನಸ್ಸಿನಲ್ಲಿ ನಾಟಿತು. ಸ್ಪರ್ಧೆಗೆ ಬಂದ ೩೩ ಯೋಜನೆಗಳಲ್ಲಿ ಇವರಿಬ್ಬರದಕ್ಕೆ ೧೮೫೮ರ ಏಪ್ರಿಲ್ ೨೮ರಂದು ೨೦೦೦ ಡಾಲರುಗಳ ಪ್ರಥಮ ಬಹುಮಾನ ದೊರೆಯಿತು. ‘ಗ್ರೀನ್ಸ್‌ವರ್ಡ್’, ಎಂದರೆ ಹುಲ್ಲಿನ ಹಸುರುಹಾಸು, ಎಂಬುದೇ ಆ ಯೋಜನೆಯ ಹೆಸರು. (ಲೋಕವು ಓಲ್ಮ್‌ಸ್ಟೆಡ್ಡನ ಹೆಸರನ್ನು ಮಾತ್ರ ಹಿಡಿದುಕೊಂಡು ವಾಕ್ಸನನ್ನು ಹೆಚ್ಚುಕಡಿಮೆ ಮರೆತಿದೆ. ನಕ್ಷೆಯನ್ನು ಬರೆಯಬಲ್ಲ ಕೈ ಇದ್ದುದು ವಾಕ್ಸನಿಗೆ; ಜೊತೆಗೂಡೆಂದು ಓಲ್ಮ್‌ಸ್ಟೆಡ್ಡನನ್ನು ಕರೆದವನೂ ಅವನೇ.)

ಆ ನಕ್ಷೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಆಕರ್ಷಿಸುವುದು ಹೂವಲ್ಲ, ಮರವಲ್ಲ, ಸರೋವರವಲ್ಲ; ನಾಲ್ಕು ಅಡ್ಡರಸ್ತೆಗಳು. ಉದ್ಯಾನವು ಎರಡೂವರೆ ಮೈಲಿ ಉದ್ದವಾಗಿ ದ್ವೀಪದ ನಟ್ಟನಡುವೆ ಮಲಗಿರುವುದರಿಂದ, ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಗಾಡಿಗಳಿಗೆ ದಾರಿ ಬೇಕೇ ಬೇಕು. ನಾಲ್ಕು ಕಡೆ ಅಡ್ಡದಾರಿ ಬಿಡತಕ್ಕದ್ದೆಂದು ಸ್ಪರ್ಧೆಯ ನಿಯಮವೇ ಇತ್ತು. ಉಳಿದ ಸ್ಪರ್ಧಿಗಳಲ್ಲಿ ಬಹುತೇಕ ಎಲ್ಲರೂ ಆ ರಸ್ತೆಗಳನ್ನು ಉದ್ಯಾನದ ನೆಲದ ಮೇಲೆಯೇ ಎಳೆದರು. ಅಂದಿನ ದೃಷ್ಟಿಯಿಂದ ಅದರಲ್ಲಿ ದೋಷವಿರಲಿಲ್ಲ. ೧೮೫೮ರಲ್ಲಿ ಆ ಪ್ರದೇಶವು ಊರಿನ ಹೊರವಲಯ, ಹಾದುಹೋಗುವ ಗಾಡಿಗಳು ವಿರಳ. ಆದರೆ ಓಲ್ಮ್‌ಸ್ಟೆಡ್ ಮತ್ತು ವಾಕ್ಸರು ನೋಡಿದುದು ಅಂದಿನ ಊರನ್ನಲ್ಲ. ಒಂದು ದಿನ ಈ ದ್ವೀಪವೆಲ್ಲ ಮನೆಗಳಿಂದ ತುಂಬುವುದು, ಉದ್ಯಾನದ ನಾಲ್ಕು ಕಡೆಯೂ ಜನಸಾಗರವಿರುವುದು, ಕಲ್ಲಿದ್ದಲ ಬಂಡಿಗಳೂ, ಕಸದ ಗಾಡಿಗಳೂ, ಬೆಂಕಿಯಾರಿಸುವ ಯಂತ್ರಗಳೂ ಹಗಲಿರುಳು ಇದನ್ನು ಹಾದುಹೋಗುವುವು ಎಂದು ಅವರು ಎಣಿಸಿದರು. ಅಂತಹ ನಾಲ್ಕು ರಸ್ತೆಗಳು ನೆಲದ ಮೇಲಿದ್ದರೆ ಒಂದು ಉದ್ಯಾನವು ಐದು ತುಂಡುಗಳಾಗುವುದು. ಆದಕಾರಣ ಅವರು ರಸ್ತೆಗಳನ್ನು ನೆಲಮಟ್ಟದಿಂದ ಸುಮಾರು ಎಂಟು ಅಡಿ ಕೆಳಗೆ ಇಳಿಸಿದರು. ಕೆಲವೆಡೆ ಬಂಡೆಯನ್ನು ಸಿಡಿಸಿ ಸುರಂಗ ಮಾಡಿದರು. ಮೇಲೆ ಸೇತುವೆ ಕಟ್ಟಿ, ಅಂಚಿಗೆ ಗಿಡಮರಗಳನ್ನು ನೆಟ್ಟು, ನಡೆಯುವವನಿಗೆ ಕೆಳಗೆ ರಸ್ತೆಯಿದೆಯೆಂಬ ಅರಿವೇ ಆಗದಂತೆ ಮರೆಮಾಡಿದರು.

ಇದನ್ನು ಯೋಚಿಸಿದಷ್ಟೂ ಆಶ್ಚರ್ಯವಾಗುತ್ತದೆ. ಮೋಟಾರು ಬಂಡಿ ಇನ್ನೂ ಹುಟ್ಟಿರಲಿಲ್ಲ. ಆದರೂ ೬೫, ೭೯, ೮೫, ೯೭ನೆಯ ಬೀದಿಗಳ ಬಳಿ ಇರುವ ಆ ಅಡ್ಡರಸ್ತೆಗಳು ಇಂದಿಗೂ ಬಸ್ಸು, ಕಾರುಗಳನ್ನು ಹೊತ್ತುಕೊಂಡು ಹೋಗುತ್ತಿವೆ. ಅವುಗಳ ಮೇಲೆ ಮಕ್ಕಳು ಓಡಾಡುತ್ತಿರುತ್ತಾರೆ. ಯೋಜನೆಯೆಂದರೆ ಇದು. ಇರುವ ಅಗತ್ಯಕ್ಕೆ ಅಳತೆ ಹಿಡಿಯುವುದು ಗುತ್ತಿಗೆದಾರನ ಕೆಲಸ. ಬರಲಿರುವ ಒತ್ತಡವನ್ನು ಮೊದಲೇ ಊಹಿಸಿ ಅದಕ್ಕೊಂದು ದಾರಿ ತೋಡಿಡುವುದು ಯೋಜಕನ ಕೆಲಸ. ಉದ್ಯಾನದ ಒಳಗೂ ಇದೇ ವಿವೇಕವನ್ನು ಅವರು ತೋರಿದರು. ಸಾರೋಟುಗಳಿಗೊಂದು ದಾರಿ, ಕುದುರೆ ಸವಾರರಿಗೊಂದು, ಕಾಲುನಡಿಗೆಯವರಿಗೊಂದು. ಒಂದು ಇನ್ನೊಂದನ್ನು ದಾಟಬೇಕಾದಲ್ಲಿ ಕಮಾನು ಅಥವಾ ಸೇತುವೆ. ಇಂಥವು ಮೂವತ್ತಕ್ಕೂ ಹೆಚ್ಚಿದ್ದು ಒಂದರಂತೆ ಇನ್ನೊಂದಿಲ್ಲ. ನಡೆದು ಹೋಗುವ ಬಡವನು ಸಾರೋಟಿನ ಸಿರಿವಂತನಿಗೆ ಹೆದರಿ ಪಕ್ಕಕ್ಕೆ ಸರಿಯಬೇಕಾಗಿಲ್ಲ. ನನ್ನ ಅಭಿಪ್ರಾಯದಲ್ಲಿ ಆ ಕಾಲದ ಎಷ್ಟೋ ಭಾಷಣಗಳಿಗಿಂತ ಈ ಕಮಾನುಗಳಲ್ಲಿ ಸಮಾನತೆಯ ಅಂಶ ಹೆಚ್ಚಾಗಿತ್ತು.

ನಿರ್ಮಾಣದ ವಿವರಗಳಿಗೆ ಹೆಚ್ಚು ಸ್ಥಳವನ್ನು ಕೊಡಲಾರೆ. ಜೌಗಿನ ನೀರನ್ನು ಹೊರಗೆ ಹರಿಸಲು ನೆಲದಡಿಯಲ್ಲಿ ಮೈಲಿಗಟ್ಟಲೆ ಮಣ್ಣಿನ ಕೊಳವೆಗಳನ್ನು ಹೂಳಿದರು. ಮದ್ದಿಟ್ಟು ಬಂಡೆಗಳನ್ನು ಸಿಡಿಸಿದರು. ಅಲ್ಲಿನ ಮಣ್ಣು ಸಾರಹೀನವಾಗಿದ್ದುದರಿಂದ ನೆರೆಯ ನ್ಯೂಜೆರ್ಸಿಯಿಂದ ಫಲವತ್ತಾದ ಮಣ್ಣನ್ನು ತರಿಸಿ ಹರಡಿದರು. ಲಕ್ಷಾಂತರ ಗಿಡಮರಗಳನ್ನು ನೆಟ್ಟರು. ಸಾವಿರಾರು ಕೂಲಿಕಾರರು, ಅವರಲ್ಲಿ ಬಹುಮಂದಿ ಐರ್ಲೆಂಡಿನಿಂದ ಬಂದವರು, ೧೮೫೭ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ನಗರದಲ್ಲಿ ಗುದ್ದಲಿ ಹಿಡಿದು ಅನ್ನ ಸಂಪಾದಿಸಿದರು. ೧೮೫೮ರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಜನರು ಜಾರಾಟವಾಡಲು ಬಂದರು. ಆ ಸರೋವರ ಒಂದು ವರ್ಷದ ಹಿಂದೆ ಕೆಸರಿನ ಜೌಗಾಗಿತ್ತು! ಅದರ ದಡದ ಬೆಥೆಸ್ಡ ಕಾರಂಜಿಯ ಮೇಲಿನ ದೇವದೂತೆಯ ವಿಗ್ರಹವನ್ನು ಎಮ್ಮ ಸ್ಟೆಬಿನ್ಸ್ ಎಂಬ ಮಹಿಳಾ ಶಿಲ್ಪಿ ರಚಿಸಿದಳು; ೧೮೭೩ರಲ್ಲಿ ಅದರ ಅನಾವರಣವಾಯಿತು. ನಗರಕ್ಕೆ ಶುದ್ಧವಾದ ಕುಡಿಯುವ ನೀರು ಬಂದುದರ ನೆನಪು ಅದರಲ್ಲಿದೆ. ಕೊಳವೆಯ ನೀರು ಬಂದುದನ್ನು ದೇವದೂತೆಯಿಂದ ಹರಸಿಸುವ ನಗರವು ಸಾರ್ವಜನಿಕ ಕಾರ್ಯದ ಬೆಲೆಯನ್ನು ಬಲ್ಲ ನಗರವೆಂದೇ ಹೇಳಬೇಕು.

ಹೀಗೆ ಕಟ್ಟಿದುದು ತಾನಾಗಿ ಉಳಿಯಲಿಲ್ಲ. ತೆರವಾದ ನೆಲವನ್ನು ಕಂಡ ಕೂಡಲೆ ಏನನ್ನಾದರೂ ಕಟ್ಟಬೇಕೆಂಬ ಚಪಲವು ಅಧಿಕಾರಸ್ಥರಿಗೆ ಎಲ್ಲ ದೇಶಗಳಲ್ಲಿಯೂ ಉಂಟು. ೧೮೯೨ರಲ್ಲಿ ಉದ್ಯಾನದೊಳಗೆ ಶ್ರೀಮಂತರ ಕುದುರೆಗಾಡಿಗಳ ಓಟಕ್ಕೆಂದು ಒಂದು ಪಥವನ್ನು ನಿರ್ಮಿಸಲು ಶಾಸನವೇ ಆಯಿತು. ಜನರು ಗದ್ದಲವೆಬ್ಬಿಸಿದ ಮೇಲೆ ಕೆಲವೇ ವಾರಗಳಲ್ಲಿ ಅದನ್ನು ರದ್ದುಗೊಳಿಸಬೇಕಾಯಿತು. ೧೯೫೬ರಲ್ಲಿ ನಗರದ ಉದ್ಯಾನಗಳ ಮುಖ್ಯಾಧಿಕಾರಿಯಾಗಿದ್ದ ರಾಬರ್ಟ್ ಮೋಸೆಸ್ಸನು, ಉದ್ಯಾನದೊಳಗಿನ ಭೋಜನಾಲಯವೊಂದಕ್ಕೆ ಬರುವವರ ಕಾರುಗಳನ್ನು ನಿಲ್ಲಿಸಲೆಂದು ಮಕ್ಕಳು ಆಡುತ್ತಿದ್ದ ಜಾಗವನ್ನು ಆರಿಸಿಕೊಂಡನು. ನೆರೆಹೊರೆಯ ತಾಯಂದಿರು ಕೂಸುಗಳ ತಳ್ಳುಗಾಡಿಗಳೊಡನೆ ಬಂದು ಯಂತ್ರಗಳಿಗೆ ಅಡ್ಡ ನಿಂತರು. ಮಹಾಪ್ರಭಾವಶಾಲಿಯೆನಿಸಿದ್ದ ಆ ಅಧಿಕಾರಿ ರಾತ್ರಿಯ ವೇಳೆ ಬೇಲಿ ಹಾಕಿಸಿ ಮರಗಳನ್ನು ಉರುಳಿಸಿದನು. ವಿಷಯವು ನ್ಯಾಯಾಲಯಕ್ಕೆ ಹೋಯಿತು, ಪತ್ರಿಕೆಗಳಲ್ಲಿ ತಾಯಂದಿರ ಚಿತ್ರಗಳು ಬಂದುವು. ಕೊನೆಗೆ ಕಾರು ನಿಲ್ದಾಣದ ಬದಲು ಅಲ್ಲಿ ಮಕ್ಕಳ ಆಟದ ಅಂಗಳವಾಯಿತು.

ಕಟ್ಟಡಗಳಿಂದ ಪಾರಾದ ಉದ್ಯಾನವು ಅಲಕ್ಷ್ಯದಿಂದ ಪಾರಾಗಲಿಲ್ಲ. ೧೯೭೦ರ ದಶಕದಲ್ಲಿ ನಗರದ ಬೊಕ್ಕಸ ಬರಿದಾದಾಗ ಮಾಲಿಗಳೂ ಇಲ್ಲ, ಕಾವಲುಗಾರರೂ ಇಲ್ಲ. ‘ಕುರಿಗಳ ಹುಲ್ಲುಗಾವಲು’ ಎಂಬ ಹೆಸರಿನ ಬಯಲು ಧೂಳಿನ ಕಣವಾಯಿತು. ಗೋಡೆಗಳ ಮೇಲೆ ಮಸಿಯ ಗೀಚುಗಳು, ಮುರಿದ ಬೆಂಚುಗಳು. ಕತ್ತಲಾದ ಮೇಲೆ ಒಳಗೆ ಕಾಲಿಡಲು ಜನರಿಗೆ ಭಯ. ನಿಸರ್ಗದ ಕೊಡುಗೆಯಾಗಿದ್ದರೆ ಕಾಯುವವರಿಲ್ಲದಾಗ ಅದು ಇನ್ನೂ ಸೊಂಪಾಗಿ ಬೆಳೆಯಬೇಕಾಗಿತ್ತಲ್ಲವೇ? ೧೯೮೦ರಲ್ಲಿ ನಾಗರಿಕರು ಸೇರಿ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯನ್ನು ಸ್ಥಾಪಿಸಿ ದಾನಧನದಿಂದ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಕಾರ್ಯವು ಸ್ತುತ್ಯವೇ. ಆದರೂ ಒಂದು ಮಾತು ಹೇಳದಿರಲಾರೆ. ಸಿರಿವಂತರ ಕಿಟಕಿಗಳಿಗೆ ಕಾಣುವ ಉದ್ಯಾನಕ್ಕೆ ದಾನಿಗಳು ದೊರೆಯುತ್ತಾರೆ. ಬಡವರ ಕೇರಿಯ ಉದ್ಯಾನಕ್ಕೆ ಯಾರು ಕೊಡುವರು? ಸಾರ್ವಜನಿಕರ ವಸ್ತುವಿನ ಪೋಷಣೆಯು ಸಾರ್ವಜನಿಕರ ತೆರಿಗೆಯಿಂದ ನಡೆಯುವುದೇ ಯುಕ್ತ. ದಾನವು ಒಗ್ಗರಣೆಯಾಗಲಿ, ಅನ್ನವಾಗದಿರಲಿ.

ಇಷ್ಟರವರೆಗೆ ಹೊಗಳಿದೆ. ಲೆಕ್ಕವನ್ನೂ ಕೇಳಬೇಕೆಂದು ಮೊದಲೇ ಹೇಳಿರುವುದರಿಂದ ಇನ್ನು ಆ ಕಡೆಗೆ ತಿರುಗಬೇಕಾಗಿದೆ. ಉದ್ಯಾನಕ್ಕಾಗಿ ವಶಪಡಿಸಿಕೊಂಡ ನೆಲವು ಖಾಲಿಯಾಗಿರಲಿಲ್ಲ. ಅಲ್ಲಿ ಒಟ್ಟು ಸುಮಾರು ೧೬೦೦ ಜನರು ವಾಸವಾಗಿದ್ದರೆಂದು ಇತಿಹಾಸಕಾರರು ಲೆಕ್ಕಹಾಕಿದ್ದಾರೆ. ಪಶ್ಚಿಮದ ಅಂಚಿನಲ್ಲಿ, ಇಂದಿನ ೮೨ರಿಂದ ೮೯ನೆಯ ಬೀದಿಯವರೆಗಿನ ಸಾಲಿನಲ್ಲಿ, ಸೆನೆಕ ವಿಲೇಜ್ ಎಂಬ ಹಳ್ಳಿಯಿತ್ತು. ಅದರ ನಿವಾಸಿಗಳಲ್ಲಿ ಮೂರರಲ್ಲಿ ಎರಡು ಭಾಗದವರು ಸ್ವತಂತ್ರರಾದ ಕರಿಯ ಜನರು. ಮಿಕ್ಕವರಲ್ಲಿ ಹೆಚ್ಚಿನವರು ಐರಿಷ್ ಜನರು. ೧೮೨೫ರಲ್ಲಿ ಆಂಡ್ರೂ ವಿಲಿಯಮ್ಸ್ ಎಂಬ ೨೫ ವರ್ಷದ ಕರಿಯ ತರುಣನು, ಬೂಟುಗಳಿಗೆ ಪಾಲೀಷು ಮಾಡಿ ಜೀವಿಸುತ್ತಿದ್ದವನು, ೧೨೫ ಡಾಲರುಗಳಿಗೆ ಮೂರು ನಿವೇಶನಗಳನ್ನು ಕೊಂಡುದು ಆ ಹಳ್ಳಿಯ ಮೊದಲು. ಮೂವತ್ತು ವರ್ಷಗಳಲ್ಲಿ ಅಲ್ಲಿ ಐವತ್ತರಷ್ಟು ಮನೆಗಳು, ಮೂರು ಚರ್ಚುಗಳು, ಒಂದು ಶಾಲೆ ಎದ್ದು ನಿಂತುವು. ಜನಸಂಖ್ಯೆ ಸುಮಾರು ೨೨೫. ಅಂದಿನ ನ್ಯೂಯಾರ್ಕ್ ರಾಜ್ಯದಲ್ಲಿ ಕರಿಯ ಗಂಡಸಿಗೆ ಮತದಾನದ ಹಕ್ಕು ಬರಬೇಕಾದರೆ ೨೫೦ ಡಾಲರು ಬೆಲೆಯ ಸ್ಥಿರಾಸ್ತಿ ಇರಬೇಕೆಂದು ನಿಯಮವಿತ್ತು. ಬಿಳಿಯರಿಗೆ ಆ ನಿಬಂಧನೆಯಿರಲಿಲ್ಲ. ಆದುದರಿಂದ ಸೆನೆಕದ ಒಂದೊಂದು ನಿವೇಶನವೂ ಬರಿಯ ನೆಲವಲ್ಲ. ಅದು ಪೌರತ್ವದ ಪತ್ರ.

ಸಾರ್ವಜನಿಕ ಉದ್ದೇಶಕ್ಕಾಗಿ ಖಾಸಗಿ ಭೂಮಿಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಬಳಸಿ ೧೮೫೭ರ ವೇಳೆಗೆ ಎಲ್ಲರನ್ನೂ ಹೊರಡಿಸಿದರು. ಭೂಮಾಲಿಕರಿಗೆ ಪರಿಹಾರಧನ ಕೊಟ್ಟರು, ನಿಜ. ವಿಲಿಯಮ್ಸನು ತನ್ನ ಮನೆ ನಿವೇಶನಗಳಿಗೆ ೩೫೦೦ ಡಾಲರು ಕೇಳಿದನು, ದೊರೆತುದು ೨೩೩೫. ಆದರೆ ಬಾಡಿಗೆಗಿದ್ದವರ ಕೈಗೆ ನೆಲದ ಬೆಲೆ ಬರಲಿಲ್ಲ. ಚದುರಿಹೋದ ಹಳ್ಳಿಯು ಮತ್ತೆಲ್ಲಿಯೂ ಒಟ್ಟಾಗಿ ನೆಲೆಗೊಳ್ಳಲಿಲ್ಲ. ಅಂದಿನ ಪತ್ರಿಕೆಗಳು ಆ ನೆಲದ ನಿವಾಸಿಗಳನ್ನೆಲ್ಲ ಅಕ್ರಮವಾಗಿ ಗುಡಿಸಲು ಹಾಕಿಕೊಂಡವರೆಂದು ಬಣ್ಣಿಸಿದುವು. ಅಧಿಕಾರಿಗಳಿಗೆ ನಿಜವು ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ೧೮೫೬ರಲ್ಲಿ ನಗರದವರೇ ಸಿದ್ಧಪಡಿಸಿದ ಭೂಸ್ವಾಧೀನದ ನಕ್ಷೆಯಲ್ಲಿ ಒಂದೊಂದು ಮನೆಯ ಆಕಾರವೂ, ನಿವೇಶನಗಳ ಮಾಲಿಕರ ಹೆಸರುಗಳೂ ಇವೆ. ಬೆಲೆ ಕಟ್ಟುವಾಗ ಹೆಸರುಗಳಿದ್ದುವು. ಉದ್ಯಾನದ ಕಥೆ ಹೇಳುವಾಗ ಅವು ಬಿದ್ದುಹೋದುವು. ಅದಕ್ಕೆ ಎಡೆಮಾಡಿಕೊಟ್ಟುದು ಈ ನಿಸರ್ಗದ ಕಥೆಯೇ. ಕಾಡು ಮೊದಲಿನಿಂದಲೂ ಅಲ್ಲಿಯೇ ಇದ್ದಿತೆಂದ ಮೇಲೆ ಅಲ್ಲಿ ಶಾಲೆಯಿತ್ತೇ, ಶಾಲೆಯಲ್ಲಿ ಮಕ್ಕಳಿದ್ದರೇ ಎಂದು ಯಾರು ಕೇಳುತ್ತಾರೆ?

ಹಾಗಾದರೆ ಉದ್ಯಾನವನ್ನು ನಿರ್ಮಿಸಲೇಬಾರದಾಗಿತ್ತೇ ಎಂದು ಯಾರಾದರೂ ಪ್ರಶ್ನಿಸಬಹುದು. ನಿರ್ಮಿಸಬೇಕಾಗಿತ್ತೆಂದೇ ನನ್ನ ಉತ್ತರ. ಇಂದು ಕೋಟ್ಯಂತರ ಜನರು ಕಾಸು ಕೊಡದೆ ಕಾಲಿಡಬಹುದಾದ ನೆಲವದು. ಅಂದು ಅದನ್ನು ಕಾಯ್ದಿರಿಸದಿದ್ದರೆ ಸೆನೆಕದವರ ಮನೆಗಳಾದರೂ ಉಳಿಯುತ್ತಿದ್ದುವೆಂಬ ಭರವಸೆಯೇನೂ ಇಲ್ಲ. ಬೆಳೆಯುವ ನಗರದ ಬೆಲೆಯೇರಿಕೆ ಬಹುಶಃ ಅವರನ್ನು ಬೇರೆ ರೀತಿಯಲ್ಲಿ ಒಕ್ಕಲೆಬ್ಬಿಸುತ್ತಿತ್ತು. ಆದರೆ ಈ ಉತ್ತರವನ್ನು ಅತಿ ಸುಲಭವಾಗಿ ಹೇಳಿಬಿಡುವುದೂ ಸಲ್ಲದು. ಉದ್ಯಾನಕ್ಕೆ ಬೇರೊಂದು ಸ್ಥಳವೂ ಸೂಚಿತವಾಗಿತ್ತು. ಈಸ್ಟ್ ನದಿಯ ದಡದಲ್ಲಿ ಜೋನ್ಸ್‌ವುಡ್ ಎಂಬ ತೋಪನ್ನು ತೆಗೆದುಕೊಳ್ಳಬೇಕೆಂದು ೧೮೫೧ರಲ್ಲಿ ಪ್ರಸ್ತಾಪವಾದಾಗ, ಅಲ್ಲಿನ ಸಿರಿವಂತ ಮಾಲಿಕರು ನ್ಯಾಯಾಲಯದವರೆಗೆ ಹೋಗಿ ತಮ್ಮ ನೆಲವನ್ನು ಉಳಿಸಿಕೊಂಡರು. ಸೆನೆಕದ ಕೆಲವರೂ ನ್ಯಾಯಾಲಯಕ್ಕೆ ಹೋದರು, ಉಳಿಸಿಕೊಳ್ಳಲಾಗಲಿಲ್ಲ. ತ್ಯಾಗವು ಎಲ್ಲರ ಹಿತಕ್ಕಾಗಿ ಬೇಕಾದಾಗ ಅದನ್ನು ಯಾವಾಗಲೂ ದುರ್ಬಲರಿಂದಲೇ ಕೇಳುವುದು ಏಕೆ? ದೂರದ ಮುನ್ನೋಟದಿಂದ ರಸ್ತೆಗಳನ್ನು ಎಂಟು ಅಡಿ ಕೆಳಗಿಳಿಸಬಲ್ಲ ನಗರಕ್ಕೆ ಒಂದು ಹಳ್ಳಿಯನ್ನು ಒಟ್ಟಾಗಿ ಬೇರೊಂದು ಎಡೆಯಲ್ಲಿ ನೆಲೆಗೊಳಿಸುವುದು ಅಶಕ್ಯವಾಗಿತ್ತೆಂದು ನಾನು ನಂಬಲಾರೆ. ಮನಸ್ಸಿರಲಿಲ್ಲ, ಅಷ್ಟೆ.

ನೂರು ವರ್ಷಗಳಿಗೂ ಹೆಚ್ಚು ಕಾಲ ಸೆನೆಕದ ಹೆಸರು ಉದ್ಯಾನದಲ್ಲಿ ಎಲ್ಲಿಯೂ ಇರಲಿಲ್ಲ. ೧೯೯೨ರಲ್ಲಿ ರಾಯ್ ರೋಸೆನ್‌ಝ್ವೈಗ್ ಮತ್ತು ಎಲಿಜಬೆತ್ ಬ್ಲಾಕ್ಮರ್ ಎಂಬ ಇತಿಹಾಸಕಾರರು ಉದ್ಯಾನದ ಸಾಮಾಜಿಕ ಚರಿತ್ರೆಯನ್ನು ಪ್ರಕಟಿಸಿದ ಮೇಲೆ ಅದು ಮತ್ತೆ ಜನರ ಬಾಯಿಗೆ ಬಂದಿತು. ೨೦೦೧ರಲ್ಲಿ, ಎಂದರೆ ಕೊನೆಯವನು ಹೊರಟುಹೋಗಿ ೧೪೪ ವರ್ಷಗಳಾದ ಮೇಲೆ, ಅಲ್ಲಿ ಒಂದು ಫಲಕವನ್ನು ನಿಲ್ಲಿಸಿದರು. ೨೦೧೧ರಲ್ಲಿ ಪುರಾತತ್ತ್ವಜ್ಞರು ಆ ಭಾಗವನ್ನು ಅಗೆದಾಗ, ಚರ್ಚಿನ ಪರಿಚಾರಕನಾಗಿದ್ದ ವಿಲಿಯಂ ವಿಲ್ಸನ್ ಎಂಬವನ ಮನೆಯ ಕಲ್ಲಿನ ತಳಪಾಯವು ಹುಲ್ಲಿನ ಕೆಳಗೆ ಹಾಗೆಯೇ ಇದ್ದಿತು. ಚಹ ಕಾಯಿಸುವ ಕಬ್ಬಿಣದ ಕೆಟಲು, ಹುರಿಯುವ ತಟ್ಟೆ, ಪಿಂಗಾಣಿಯ ಚೂರುಗಳು, ಒಂದು ಸಣ್ಣ ಚರ್ಮದ ಪಾದರಕ್ಷೆ ಅಲ್ಲಿ ದೊರೆತುವು.